ಗಜನಿಯನ್ನು ಸೀಗಡಿಗೆ ಗೇಣಿ ಕೊಡಬೇಕೇ, ಕಗ್ಗವನ್ನೇ ಬೆಳೆಯಬೇಕೇ?

ಅಘನಾಶಿನಿ ಹೊಳೆಯ ದಂಡೆಯ ನಿಮ್ಮ ಗಜನಿಗೆ, ಅಂದರೆ ಉಬ್ಬರದ ಉಪ್ಪುನೀರು ಏರುವ ಗದ್ದೆಗೆ, ಗುತ್ತಿಗೆದಾರರು ಮುಂಗಡ ಹಿಡಿದು ಬಂದಿದ್ದಾರೆ, ಉಪ್ಪು ತಾಳುವ ಕಗ್ಗ ಭತ್ತ ಬಿಟ್ಟು ಸೀಗಡಿ ಸಾಕಣೆಗೆ ಕೊಡಲೇ ಎಂದು ಕೇಳಿದ್ದೀರಿ. ತೊಂಬತ್ತರ ದಶಕದಲ್ಲಿ ನಮ್ಮ ಮನೆಯ ಜಗಲಿಯಲ್ಲೂ ಇದೇ ಮಾತು ನಡೆದಿತ್ತು. ಅಪ್ಪನಿಗೆ ಮನಸ್ಸಿರಲಿಲ್ಲ. ಹಟ ಹಿಡಿದು ಒಪ್ಪಿಸಿದವನು ನಾನು.

ಗೇಣಿ ಕೊಟ್ಟದ್ದು ತಪ್ಪಲ್ಲ. ಅದರೊಂದಿಗೆ ಒಡ್ಡಿನ ತೂಬಿನಲ್ಲಿ ನೀರು ತಡೆಯುವ ಹಲಗೆಯನ್ನೂ ಗುತ್ತಿಗೆದಾರನ ಕೈಗೆ ಕೊಟ್ಟೆವಲ್ಲ, ತಪ್ಪಿದ್ದು ಅಲ್ಲಿ. ಇದನ್ನು ಬಿಡಿಸಿ ಹೇಳಬೇಕು. ಜೂನ್ ಮಳೆ ಹಿಡಿದ ಮೇಲೆ ಇಳಿತದ ಹೊತ್ತಿಗೆ ಹಲಗೆ ಎತ್ತಬೇಕು, ಗದ್ದೆಯ ಉಪ್ಪು ಮಳೆನೀರಿನೊಂದಿಗೆ ಹೊಳೆ ಸೇರುತ್ತದೆ. ಉಬ್ಬರ ಬರುವ ಮೊದಲು ಹಲಗೆ ಇಳಿಸಬೇಕು. ದಿನದಿನವೂ ಇದನ್ನೇ ಮಾಡಿದರೆ ಮಣ್ಣಿನ ಉಪ್ಪು ತೊಳೆದು ಕಗ್ಗದ ಮೊಳಕೆ ಬೇರೂರುತ್ತದೆ. ಕೊಯ್ಲಾದ ಮೇಲೆ ಉಬ್ಬರದ ನೀರನ್ನು ಒಳಗೆ ಬಿಟ್ಟರೆ ಸೀಗಡಿ, ಮೀನಿನ ಮರಿಗಳು ತಾವಾಗಿ ಬರುತ್ತವೆ. ಕೊಳೆಯುವ ಕೂಳೆಯಿಂದಲೇ ಅವುಗಳ ಮೇವು ಹುಟ್ಟುತ್ತದೆ.

ಗುತ್ತಿಗೆದಾರನಿಗೆ ಮಳೆಗಾಲದಲ್ಲೂ ಉಪ್ಪುನೀರು ಬೇಕಿತ್ತು, ಇಳಿತದ ಹೊತ್ತಿಗೆ ಹಲಗೆ ಮೇಲೇಳಲಿಲ್ಲ. ತೂಬು ಒಂದೇ, ಗದ್ದೆಗಳು ಹತ್ತಾರು ಮನೆಯವರದ್ದು. ನಮ್ಮ ಸಹಿಗೆ ಪಕ್ಕದವರ ಕಗ್ಗವೂ ಹೋಯಿತು. ಎಲೆ ಬಿದ್ದು ನೀರು ಕೆಡುತ್ತದೆಂದು ಒಡ್ಡಿನಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ಅವನು ಕಡಿಸಿದ. ಬೇರಿನ ಹಿಡಿತ ತಪ್ಪಿದ ಮಣ್ಣಿನ ಒಡ್ಡು ಮುಂದೆ ನೆರೆಗೆ ಬಾಯಿಬಿಟ್ಟಿತು. ಬಿಳಿಚುಕ್ಕೆ ರೋಗವೂ ಬಂತು. ಸತ್ತ ಸೀಗಡಿಯ ತಲೆಚಿಪ್ಪು ಬಿಡಿಸಿ ಬೆಳಕಿಗೆ ಹಿಡಿದರೆ ಸುಣ್ಣ ಸಿಡಿಸಿದಂತೆ ಚುಕ್ಕೆಗಳು ಕಾಣುತ್ತಿದ್ದವು. ಗುತ್ತಿಗೆದಾರ ಮತ್ತೆ ಇತ್ತ ತಲೆ ಹಾಕಲಿಲ್ಲ. ಬೀಜಕ್ಕಿಟ್ಟ ಕಗ್ಗವನ್ನು ನಾವು ಅಷ್ಟರಲ್ಲಿ ಉಂಡು ಮುಗಿಸಿದ್ದೆವು.

ಹಾಗಾಗಿ ಕಗ್ಗವೋ ಸೀಗಡಿಯೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಗಜನಿ ಎರಡನ್ನೂ ಕೊಡುತ್ತಲೇ ಬಂದಿದೆ. ಕರಾವಳಿ ನಿಯಂತ್ರಣ ವಲಯದ ಸೀಗಡಿ ಕೊಳಗಳನ್ನು ತೆರವು ಮಾಡಬೇಕೆಂದು 1996ರಲ್ಲಿ ಹೇಳಿದ ಸುಪ್ರೀಂ ಕೋರ್ಟ್ ಕೂಡ ಸಾಂಪ್ರದಾಯಿಕ ಪದ್ಧತಿಗೆ ವಿನಾಯಿತಿ ಕೊಟ್ಟಿತ್ತು. ನೀವು ಕೇಳಬೇಕಾದದ್ದು ಹಲಗೆ ಯಾರ ಕೈಯಲ್ಲಿರುತ್ತದೆ ಎಂದು.

ಗದ್ದೆಯನ್ನು ಹೊಳೆಯಿಂದ ಬೇರ್ಪಡಿಸಿ ಲೆಕ್ಕ ಹಾಕಲೂಬೇಡಿ. ಶರಾವತಿಯಲ್ಲಿ ವಿದ್ಯುತ್ ಉತ್ಪಾದನೆಗೆ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಹರಿದು, ಹೊಳೆ ಕಡಲು ಸೇರುವ ಅಳಿವೆಯ ಉಪ್ಪು ಇಳಿಯಿತು, ಬಳಚು ಎಂಬ ಚಿಪ್ಪುಜೀವಿ ಹೋಯಿತು. ಅಣೆಕಟ್ಟಿಲ್ಲದ ನಮ್ಮ ಹೊಳೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಇಂದಿಗೂ ಬುಟ್ಟಿ ಹಿಡಿದು ಬಳಚು ಹೆಕ್ಕುತ್ತಾರೆ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಸಂತೋಷವೇ, ಆದರೆ ಜೂನ್‌ನಲ್ಲಿ ಹಲಗೆ ಎತ್ತಲು ಊರಿನವರೇ ಬೇಕು.

ಒಬ್ಬರೇ ಸಹಿ ಹಾಕಬೇಡಿ. ಆ ಒಡ್ಡಿನ ಒಳಗಿನ ಗದ್ದೆಯವರನ್ನೆಲ್ಲ ಕೂರಿಸಿ. ಮಳೆ ಹಿಡಿದಾಗಿನಿಂದ ಕೊಯ್ಲಿನವರೆಗೆ ಹಲಗೆ ರೈತರದ್ದು, ಕಾಂಡ್ಲಾ ಮುಟ್ಟುವಂತಿಲ್ಲ ಎಂದು ಕರಾರಿನಲ್ಲಿ ಬರೆಸಿ. ಒಪ್ಪದಿದ್ದರೆ ಮುಂಗಡ ಹಿಂತಿರುಗಿಸಿ. ಬೀಜ ಉಳಿದಿಲ್ಲವಾದರೆ ಮಾಣಿಕಟ್ಟಾದ ಕಗ್ಗ ಬೆಳೆಗಾರರನ್ನು ಮಳೆಗೆ ಮೊದಲೇ ಹೋಗಿ ಕೇಳಿ.