ಓಡುವ ಅಸೆಂಬ್ಲಿಗೆ ಸ್ಟ್ರೆಸ್ ಅನಾಲಿಸಿಸ್ ಮಾಡೋಕೆ ರ‍್ಯಾಮ್ ಜಾಸ್ತಿ ಹಾಕಿಸಬೇಕಾ?

ಫೈನಲ್ ಇಯರ್ ಪ್ರಾಜೆಕ್ಟಿಗೆ ಶೇಂಗಾ ಸುಲಿಯುವ ಮೆಷಿನ್, ಕ್ರ್ಯಾಂಕ್ (ತಿರುಗುವುದನ್ನು ಹಿಂದೆ ಮುಂದೆ ಆಡಿಸುವ ಭಾಗ) ಇದೆ, ಅದು ಓಡುತ್ತಿರುವಾಗಲೇ ಇಡೀ ಅಸೆಂಬ್ಲಿಯ, ಅಂದರೆ ಎಲ್ಲ ಪಾರ್ಟು ಜೋಡಿಸಿದ ಕಂಪ್ಯೂಟರ್ ಮಾಡೆಲ್ಲಿನ, ಸ್ಟ್ರೆಸ್ (ಪಾರ್ಟಿನೊಳಗೆ ಬೀಳುವ ಒತ್ತಡ) ನೋಡಬೇಕು, ಲ್ಯಾಪ್‌ಟಾಪ್ ಹ್ಯಾಂಗ್ ಆಗುತ್ತಿದೆ, ರ‍್ಯಾಮ್ ಹಾಕಿಸಲಾ ಅಂತ ಕೇಳಿದ್ದೀರಿ. ಹಾಕಿಸಬೇಡಿ. ಆ ದುಡ್ಡು ಹಾಗೇ ಇರಲಿ. ನಿಮ್ಮ ಪ್ರಶ್ನೆ ಓದಿ ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ನಾನು ತಲೆ ತಗ್ಗಿಸಿ ನಿಂತ ಒಂದು ಮಧ್ಯಾಹ್ನ ನೆನಪಾಯಿತು.

ಆಗ ನಾನು ಊರಲ್ಲೇ ಒಂದು ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ ಡ್ರಾಯಿಂಗ್ ಮಾಡುತ್ತಿದ್ದೆ. ಡಿಗ್ರಿ ಮುಗಿಸಿ ಎರಡು ವರ್ಷ. ಶೆಡ್ಡಿನಲ್ಲಿ ಕಂಪ್ಯೂಟರ್ ಮುಟ್ಟುವವನು ನಾನೊಬ್ಬನೇ, ಹಾಗಾಗಿ ಸ್ವಲ್ಪ ಜಂಬ. ಒಬ್ಬ ಮೆಕ್ಕೆಜೋಳದ ವ್ಯಾಪಾರಿ ಕಾಳು ಸೋಸುವ ಜರಡಿ ಮೆಷಿನ್ ಬೇಕು ಅಂತ ಬಂದರು. ಸೀಸನ್ ಶುರುವಾಗುವ ಮೊದಲೇ ಬೇಕು. ಮೆಷಿನ್ ದೊಡ್ಡದೇನಲ್ಲ. ಒಂದು ಜರಡಿ ಪೆಟ್ಟಿಗೆ, ನಾಲ್ಕು ಮೂಲೆಗೂ ಪಟ್ಟಿ ಹಾಕಿ ಫ್ರೇಮಿಗೆ ನೇತುಹಾಕಿದ್ದು. ಒಂದು ಬದಿಗೆ ಮೋಟಾರು, ಬೆಲ್ಟು, ಒಂದು ತಿರುಗುವ ತಟ್ಟೆ. ತಟ್ಟೆಯ ನಡುವಿನಿಂದ 25 ಎಂಎಂ ದೂರದಲ್ಲಿ ಒಂದು ಪಿನ್, ಅದಕ್ಕೆ ರಾಡ್, ರಾಡಿನ ಇನ್ನೊಂದು ತುದಿ ಪೆಟ್ಟಿಗೆಗೆ. ತಟ್ಟೆ ತಿರುಗಿದರೆ ಪೆಟ್ಟಿಗೆ ಹಿಂದೆ ಮುಂದೆ ಆಡುತ್ತದೆ. ಪೆಟ್ಟಿಗೆ, ಕಾಳು ಎಲ್ಲ ಸೇರಿ 70 ಕೆಜಿ. ವೇಗ ನಿಮಿಷಕ್ಕೆ 300 ಸುತ್ತು, ಅಂದರೆ 300 ಆರ್‌ಪಿಎಂ.

ಅಸೆಂಬ್ಲಿ ಮಾಡಿದೆ, ಸ್ಟಾಟಿಕ್ ಸ್ಟಡಿ, ಅಂದರೆ ಮೆಷಿನ್ ನಿಂತಿದೆ ಅಂತ ಹಿಡಿದು ಮಾಡುವ ಸ್ಟ್ರೆಸ್ ಲೆಕ್ಕ, ತೆಗೆದೆ. ಇಲ್ಲಿಂದ ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ, ಯಾಕೆಂದರೆ ನನ್ನ ಮರ್ಯಾದೆ ಹೋಗಿದ್ದು ಇಲ್ಲೇ. ಅನಿಮೇಷನ್ ಹಾಕಿ ನೋಡಿ, ಪಿನ್ ನೆಟ್ಟಗೆ ಮೇಲೆ ಬಂದಾಗ ರಾಡು ಕಷ್ಟಪಡುವ ಹಾಗೆ ಕಾಣುತ್ತದೆ ಅಂತ ಅನ್ನಿಸಿ ಮೆಷಿನ್ನನ್ನು ಆ ಜಾಗದಲ್ಲೇ ನಿಲ್ಲಿಸಿದೆ. ತಟ್ಟೆಯನ್ನು ಫಿಕ್ಸ್ ಮಾಡಿದೆ. 70 ಕೆಜಿ ಅಂದರೆ ಸುಮಾರು 700 ನ್ಯೂಟನ್, ಅದನ್ನು ಪಿನ್ನಿನ ಮೇಲೆ ಹಾಕಿದೆ. ರನ್. ಎಲ್ಲ ನೀಲಿ, ಅಂದರೆ ಸ್ಟ್ರೆಸ್ ಕಡಿಮೆ! ಪಿನ್ನಿನ ಬುಡದಲ್ಲಿ 50 ಚಿಲ್ಲರೆ ಮೆಗಾಪ್ಯಾಸ್ಕಲ್, ಮೈಲ್ಡ್ ಸ್ಟೀಲಿಗೆ ಯೀಲ್ಡ್ (ಬಗ್ಗಿದ್ದು ವಾಪಸ್ ನೆಟ್ಟಗಾಗದ ಮಿತಿ) 250, ಫ್ಯಾಕ್ಟರ್ ಆಫ್ ಸೇಫ್ಟಿ, ಅಂದರೆ ಆ ಮಿತಿ ಸ್ಟ್ರೆಸ್ಸಿನ ಎಷ್ಟು ಪಟ್ಟು ಅನ್ನುವುದು, ನಾಲ್ಕೂವರೆ. ಬಣ್ಣದ ಪ್ರಿಂಟ್ ತೆಗೆದು ಓನರಿಗೆ ಕೊಟ್ಟೆ. ಅವರು ಅದನ್ನು ಗೋಡೆಗೆ ಅಂಟಿಸಿದರು.

ಒಂಬತ್ತನೇ ದಿನ ಪಿನ್ ಮುರಿಯಿತು.

ಯಾರ್ಡಿಗೆ ಹೋದರೆ ಲಾರಿ ನಿಂತಿದೆ, ಹಮಾಲರು ಚೀಲದ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಾರೆ. ‘ಏನಪ್ಪಾ ಇಂಜಿನಿಯರೇ, ಒಂದು ವಾರಕ್ಕೆ ಗ್ಯಾರಂಟಿನಾ ಇದು?’ ಅಂದರು ಆ ವ್ಯಾಪಾರಿ ಸಾವ್ಕಾರ್ರು. ಪಕ್ಕದಲ್ಲಿ ನೋಡುತ್ತೇನೆ, ಮೋಟಾರಿಗೆ ದೊಡ್ಡ ಪುಲ್ಲಿ ಹಾಕಿಸಿಕೊಂಡಿದ್ದಾರೆ! ಕಾಳು ಬೇಗ ಸೋಸಲಿ ಅಂತ. ಲೆಕ್ಕ ಹಾಕಿದರೆ 400 ಆರ್‌ಪಿಎಂ. ನನಗೆ ಹೋದ ಜೀವ ಬಂದ ಹಾಗಾಯಿತು. ತಪ್ಪು ಅವರದ್ದು, ಬರೆದು ತೋರಿಸುತ್ತೇನೆ ಅಂತ ಶೆಡ್ಡಿಗೆ ಬಂದು ಅದೇ ಸ್ಟಡಿ ತೆಗೆದೆ, 300 ಇದ್ದದ್ದನ್ನು 400 ಮಾಡೋಣ ಅಂತ.

300 ಎಲ್ಲೂ ಇರಲಿಲ್ಲ.

ಫಿಕ್ಸ್ಚರ್ ನೋಡಿದೆ, ಲೋಡ್ ನೋಡಿದೆ, ಮೆಶ್ ನೋಡಿದೆ. ನಾನು ಆರ್‌ಪಿಎಂ ಬರೆದೇ ಇಲ್ಲ. ಮೆಷಿನ್ 30 ಸುತ್ತು ತಿರುಗಲಿ, 3000 ಸುತ್ತು ತಿರುಗಲಿ, ಅದೇ ನೀಲಿ ಬರುತ್ತಿತ್ತು. ಸೆಂಟ್ರಿಫ್ಯೂಗಲ್ ಅಂತ ಒಂದು ಲೋಡ್ ಇದೆಯಲ್ಲ ಅನ್ನಬಹುದು ನೀವು. ಇದೆ, ಆದರೆ ಅದು ಗುಂಡಗೆ ತಿರುಗುವ ವಸ್ತುವಿಗೆ. ಹಿಂದೆ ಮುಂದೆ ಆಡುವ ಪೆಟ್ಟಿಗೆ ಪಿನ್ನನ್ನು ಹೇಗೆ ಜಗ್ಗುತ್ತದೆ ಅನ್ನುವುದು ಅದಕ್ಕೆ ಗೊತ್ತಿಲ್ಲ.

ಆಮೇಲೆ ಒಂದು ಹಾಳೆ ತಗೊಂಡು ಕೂತೆ. ತೂಕ, ತ್ರಿಜ್ಯ, ಒಮೆಗಾ (ಸೆಕೆಂಡಿಗೆ ಇಷ್ಟು ರೇಡಿಯನ್ ಅಂತ ತಿರುಗುವ ವೇಗ) ಸ್ಕ್ವೇರ್, ಮೂರನ್ನೂ ಗುಣಿಸಿದರೆ ಪೆಟ್ಟಿಗೆಯನ್ನು ತಡೆದು ವಾಪಸ್ ತಿರುಗಿಸುವ ಬಲ. 300 ಆರ್‌ಪಿಎಂ ಅಂದರೆ ಒಮೆಗಾ 31.4. 70 ಕೆಜಿ, 0.025 ಮೀಟರ್. ಬಂದದ್ದು 1,700 ನ್ಯೂಟನ್ ಮೇಲೆ. ನಾನು ಹಾಕಿದ್ದಕ್ಕಿಂತ ಎರಡೂವರೆ ಪಟ್ಟು, ಅದೂ ಸಾವ್ಕಾರ್ರು ಪುಲ್ಲಿ ಮುಟ್ಟುವ ಮೊದಲೇ. 400ಕ್ಕೆ 3,000 ದಾಟಿತು, ಯಾಕೆಂದರೆ ಬಲ ವೇಗದ ವರ್ಗದಲ್ಲಿ ಏರುತ್ತದೆ. ಪಿನ್ 20 ಎಂಎಂ ದಪ್ಪ, ತಟ್ಟೆಯಿಂದ 60 ಎಂಎಂ ಹೊರಗೆ ಚಾಚಿದೆ. ಬುಡದಲ್ಲಿ ಬೆಂಡಿಂಗ್ ಸ್ಟ್ರೆಸ್ 300ಕ್ಕೇ 130 ಚಿಲ್ಲರೆ, 400ಕ್ಕೆ 235. ಅದೂ ಒಂದೊಂದು ಸುತ್ತಿಗೆ ಎರಡು ಸಲ ಏರಿ, ಎರಡು ಸಲ ಇಳಿಯುತ್ತದೆ. ದಿನಕ್ಕೆ ಎಂಟು ಗಂಟೆ ಓಡಿದರೆ 300ರಲ್ಲೇ 2,88,000 ಸಲ, ಒಂದು ವಾರಕ್ಕೆ ಇಪ್ಪತ್ತು ಲಕ್ಷ. ಲೇತಿನಲ್ಲಿ ಪಿನ್ನಿನ ಬುಡಕ್ಕೆ ರೇಡಿಯಸ್ ಕೊಟ್ಟಿರಲಿಲ್ಲ, ಚೂಪು ಮೂಲೆ, ಬಿರುಕು ಅಲ್ಲಿಂದಲೇ ಹೊರಟಿತ್ತು. ಮುರಿದ ಮುಖ ನೋಡಿದರೆ ಮುಕ್ಕಾಲು ಭಾಗ ನುಣುಪು, ಉಳಿದದ್ದು ಹರಳು ಹರಳು. ಫೆಟೀಗ್, ಅಂದರೆ ಮತ್ತೆ ಮತ್ತೆ ಬಗ್ಗಿ ದಣಿದು ಮುರಿಯುವುದು. ಯೀಲ್ಡ್ 250ಕ್ಕೆ ಹೋಲಿಸಿ ಸಮಾಧಾನ ಪಟ್ಟುಕೊಂಡಿದ್ದೇ ತಪ್ಪು, ದಿನವಿಡೀ ಬಗ್ಗಿ ನೆಟ್ಟಗಾಗುವ ಪಿನ್ನಿಗೆ ಯೀಲ್ಡ್ ಒಂದನ್ನೇ ನೋಡಿದರೆ ಸಾಲದು.

ಇನ್ನೂ ನಾಚಿಕೆಗೇಡಿನದು ಕೇಳಿ. ಪೆಟ್ಟಿಗೆಯ ತೂಕ ಪಿನ್ನಿನ ಮೇಲೆ ಇರಲೇ ಇಲ್ಲ! ಅದನ್ನು ಹೊತ್ತಿದ್ದು ನಾಲ್ಕು ಪಟ್ಟಿಗಳು. ಇಲ್ಲದ ಲೋಡು ಹಾಕಿದ್ದೆ, ಇದ್ದ ಲೋಡು ಬಿಟ್ಟಿದ್ದೆ. ನಾನು ಆರಿಸಿದ ಜಾಗವೂ ಉಲ್ಟಾ. ಪಿನ್ ಮೇಲೆ ಬಂದಾಗ ಪೆಟ್ಟಿಗೆ ಸ್ಟ್ರೋಕಿನ ನಡುವೆ ಜೋರಾಗಿ ಓಡುತ್ತಿರುತ್ತದೆ, ಆದರೆ ಆಗ ಅದರ ವೇಗ ಬದಲಾಗುತ್ತಿಲ್ಲ, ಹಾಗಾಗಿ ಬಲ ಹೆಚ್ಚುಕಡಿಮೆ ಸೊನ್ನೆ. ಪೂರ್ತಿ ಪೆಟ್ಟು ಬೀಳುವುದು ಎರಡೂ ಕೊನೆಗಳಲ್ಲಿ, ಪೆಟ್ಟಿಗೆ ಒಂದು ಗಳಿಗೆ ನಿಂತು ವಾಪಸ್ ತಿರುಗುವಾಗ. ಸ್ಕ್ರೀನಿನಲ್ಲಿ ಅದು ಆರಾಮಾಗಿ ನಿಂತ ಹಾಗೆ ಕಾಣುತ್ತದೆ ಅಷ್ಟೇ.

ಹಾಗಾಗಿ ನಿಮ್ಮ ಪ್ರಶ್ನೆಗೇ ನನ್ನ ತಕರಾರಿದೆ. ಇಡೀ ಅಸೆಂಬ್ಲಿಗೆ, ಓಡುವಾಗಲೇ, ಎಲ್ಲ ಪಾರ್ಟಿನ ಸ್ಟ್ರೆಸ್ ಬೇಕು ಅಂದರೆ ಯಾವ ಲ್ಯಾಪ್‌ಟಾಪೂ ಅಳುತ್ತದೆ. ನಿಮಗೆ ಅದು ಬೇಕಾಗಿಯೂ ಇಲ್ಲ. ಮುರಿಯುವುದು ಎರಡೋ ಮೂರೋ ಪಾರ್ಟು. ಮೊದಲು ಹಾಳೆಯಲ್ಲಿ ಬಲ ತೆಗೆಯಿರಿ. ಆಮೇಲೆ ಮೋಷನ್, ಅಂದರೆ ಮೆಷಿನ್ ಓಡಿಸಿ ಬಲ ಲೆಕ್ಕ ಹಾಕುವ ಸ್ಟಡಿ. ಅಲ್ಲಿ ಪಾರ್ಟುಗಳು ಬಗ್ಗುವುದಿಲ್ಲ, ಎಲ್ಲ ಗಟ್ಟಿ ಅಂತಲೇ ಲೆಕ್ಕ, ಅದಕ್ಕೇ ಬೇಗ ಓಡುತ್ತದೆ. ನಿಮ್ಮ ಡ್ರಾಯಿಂಗ್ ಸಾಫ್ಟ್‌ವೇರ್ ಇನ್ವೆಂಟರ್ ಆಗಿದ್ದರೆ ಡೈನಮಿಕ್ ಸಿಮ್ಯುಲೇಷನ್ನಿನ ಔಟ್‌ಪುಟ್ ಗ್ರಾಫರ್‌ನಲ್ಲಿ ಬಲ ಎಲ್ಲಿ ಜಾಸ್ತಿಯೋ ಆ ಟೈಮ್ ಸ್ಟೆಪ್ಪಿಗೆ ಟಿಕ್ ಹಾಕಿ, ಎಕ್ಸ್‌ಪೋರ್ಟ್ ಟು ಎಫ್‌ಇಎ (ಬಲವನ್ನು ಸ್ಟ್ರೆಸ್ ಲೆಕ್ಕಕ್ಕೆ ಕಳಿಸುವ ಆಯ್ಕೆ) ಕೊಟ್ಟು, ಆ ಒಂದು ಪಾರ್ಟಿಗೆ ಮಾತ್ರ ಸ್ಟ್ರೆಸ್ ನೋಡಿ. ಸಾಲಿಡ್‌ವರ್ಕ್ಸ್‌ನಲ್ಲಿ ಇಂಪೋರ್ಟ್ ಮೋಷನ್ ಲೋಡ್ಸ್ ಅಂತ ಇದೆ, ಕೆಲಸ ಒಂದೇ. ಒಂದು ಪಿನ್ನಿಗೆ ನಿಮ್ಮ ಈಗಿನ ಲ್ಯಾಪ್‌ಟಾಪ್ ಸಾಕು.

ಮೋಷನ್ ಕೊಟ್ಟ ಬಲ ಹಾಳೆಯ ಲೆಕ್ಕಕ್ಕೆ ಹತ್ತಿರ ಬಾರದಿದ್ದರೆ ಮುಂದೆ ಹೋಗಲೇಬೇಡಿ. ನನಗೆ ಮೊದಲ ಸಲ ಎಂಟನೇ ಒಂದು ಭಾಗ ಬಂತು. ಕಾರಣ, ಮೆಟೀರಿಯಲ್ ಕೊಡದ ಪಾರ್ಟನ್ನು ಸಾಫ್ಟ್‌ವೇರ್ ನೀರಿನಷ್ಟು ಹಗುರ ಅಂತ ಹಿಡಿಯುತ್ತದೆ, ಸ್ಟೀಲಿಗೆ ಅದು 7.85 ಪಟ್ಟು ಆಗಬೇಕು. ಕಾಳಿನ ತೂಕವಂತೂ ಮಾಡೆಲ್ಲಿನಲ್ಲಿ ಇರುವುದೇ ಇಲ್ಲ, ನೀವೇ ಸೇರಿಸಬೇಕು. ಸೊನ್ನೆ ಸೆಕೆಂಡಿನಲ್ಲೇ ಮೋಟಾರಿಗೆ ಪೂರ್ತಿ ವೇಗ ಕೊಟ್ಟರೆ ಗ್ರಾಫಿನ ಶುರುವಿನಲ್ಲಿ ತೆಂಗಿನಮರದ ಹಾಗೆ ಒಂದು ಗೆರೆ ಏಳುತ್ತದೆ, ಅದನ್ನು ನೋಡಿ ಹೆದರಬೇಡಿ, ವೇಗ ನಿಧಾನ ಏರುವ ಹಾಗೆ ಕೊಡಿ. ಆಮೇಲೆ ನನ್ನ ನಾಲ್ಕು ಪಟ್ಟಿಗಳ ಕಥೆ: ಒಂದೇ ಪಟ್ಟಿ ಎಲ್ಲ ಭಾರ ಹೊತ್ತಿದೆ, ಇನ್ನೊಂದಕ್ಕೆ ಸೊನ್ನೆ ಅಂತ ತೋರಿಸಿತು. ಗಟ್ಟಿ ಪಾರ್ಟನ್ನು ಬೇಕಾದ್ದಕ್ಕಿಂತ ಜಾಸ್ತಿ ಕಡೆ ಹಿಡಿದರೆ ಯಾರಿಗೆಷ್ಟು ಅಂತ ಹಂಚುವುದು ಅದಕ್ಕೆ ಬರುವುದಿಲ್ಲ, ಮನಸ್ಸಿಗೆ ಬಂದ ಹಾಗೆ ಹಂಚುತ್ತದೆ. ಸಾಲಿಡ್‌ವರ್ಕ್ಸ್ ಆದರೆ ಆ ಮೇಟುಗಳಿಗೆ (ಪಾರ್ಟಿಗೆ ಪಾರ್ಟು ಕೂಡಿಸಿದ ಜೋಡಣೆಗಳಿಗೆ) ಬುಶಿಂಗ್ ಕೊಡಿ, ಅಂದರೆ ಜೋಡಣೆ ಸ್ಪ್ರಿಂಗಿನ ಹಾಗೆ ಸ್ವಲ್ಪ ಬಗ್ಗಲಿ.

ನನ್ನದು ಏನಾಯಿತು ಅಂದರೆ, ಪಿನ್ 25 ಎಂಎಂ ಮಾಡಿ, ಬುಡಕ್ಕೆ ರೇಡಿಯಸ್ ಕೊಟ್ಟು, ಚಾಚಿದ್ದನ್ನು 35ಕ್ಕೆ ಇಳಿಸಿದೆ. ದಪ್ಪಕ್ಕಿಂತ ಆ ಚಾಚು ಕಡಿಮೆ ಮಾಡಿದ್ದು ಬಿಟ್ಟಿ ಲಾಭ. ಎರಡು ದಿನದ ಹಮಾಲಿಯನ್ನು ಶೆಡ್ಡಿನ ಓನರು ನನ್ನ ಸಂಬಳದಲ್ಲಿ ಮುರಿದುಕೊಂಡರು. ‘ಪುಲ್ಲಿ ವಾಪಸ್ ಹಾಕಿಸಿ ಸಾವ್ಕಾರ್ರೇ, 300ಕ್ಕೇ ಇರಲಿ’ ಅಂದೆ. ‘ಅದಕ್ಕೂ ತಡೆಯೋ ಹಂಗೆ ಮಾಡಿದ್ದೀಯಲ್ಲ, ಇರ್ಲಿ ಬಿಡು’ ಅಂದರು. ಈಗಲೂ 400ರಲ್ಲೇ ಓಡಿಸುತ್ತಾರೆ.

ನಿಮ್ಮ ಕ್ರ್ಯಾಂಕಿನ ತ್ರಿಜ್ಯ, ಆಡುವ ಭಾಗದ ತೂಕ, ಆರ್‌ಪಿಎಂ, ಪಿನ್ನಿನ ದಪ್ಪ ಮತ್ತು ಚಾಚು, ಇಷ್ಟು ಕೆಳಗೆ ಬರೆಯಿರಿ, ಲೆಕ್ಕ ನೋಡಿ ಹೇಳುತ್ತೇನೆ. ಬಣ್ಣದ ಚಿತ್ರ ಬೇಡ.