ಪ್ರ: ಹೆಚ್ಚು ಸುಳ್ಳು ಹೇಳೋದು ಗಂಡಸರೋ, ಹೆಂಗಸರೋ?

'ಗಂಡಸರು ದಿನಕ್ಕೆ 3 ಸುಳ್ಳು, ಹೆಂಗಸರು 2' ಎಂದು ಆಗಾಗ ಕೇಳಿಬರುವ ಲೆಕ್ಕ 2010ರ ಬ್ರಿಟನ್ ಸಮೀಕ್ಷೆಯದು. ಅದರಲ್ಲಿ ಜನ ನೆನಪಿನಿಂದ ಹೇಳಿದ್ದು, ಸುಳ್ಳಿನ ಲೆಕ್ಕದಲ್ಲೂ ಸುಳ್ಳು ಹೇಳಬಹುದಲ್ಲ!

ಅಮೆರಿಕದ ಮನಶ್ಶಾಸ್ತ್ರಜ್ಞೆ ಬೆಲ್ಲಾ ಡಿಪಾಲೊ ತಂಡದ 1996ರ ಅಧ್ಯಯನ ಇದಕ್ಕಿಂತ ಗಟ್ಟಿ. ಅಮೆರಿಕದ 147 ಜನ ಒಂದು ವಾರ ತಮ್ಮ ಸುಳ್ಳುಗಳನ್ನು ಆಗಿಂದಾಗಲೇ ಡೈರಿಯಲ್ಲಿ ಬರೆದಿಟ್ಟರು. ವಿದ್ಯಾರ್ಥಿಗಳದ್ದು ದಿನಕ್ಕೆ ಸುಮಾರು 2, ಉಳಿದವರದ್ದು 1. ಗಂಡು-ಹೆಣ್ಣಿನ ನಡುವೆ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಬದಲಾಗಿದ್ದು ಬಗೆ: ಹೆಂಗಸರು ಹೆಂಗಸರಿಗೆ ಹೇಳಿದವುಗಳಲ್ಲಿ ಮನಸ್ಸು ನೋಯಿಸದಿರಲು ಹೇಳಿದವು ಹೆಚ್ಚು, ನಮ್ಮ 'ಸೀರೆ ಚೆನ್ನಾಗಿದೆ' ಇದ್ದಂತೆ.

ಸರಾಸರಿಯನ್ನೂ ಪೂರ್ತಿ ನಂಬಬೇಡಿ. 2010ರಲ್ಲೇ ಪ್ರಕಟವಾದ, ಅಮೆರಿಕದ 1000 ಜನರ ಸಮೀಕ್ಷೆಯಲ್ಲಿ ಸುಮಾರು 60% ಜನ ಹಿಂದಿನ 24 ಗಂಟೆಯಲ್ಲಿ ಒಂದೂ ಸುಳ್ಳು ಹೇಳಿರಲಿಲ್ಲ. ಒಟ್ಟು ಸುಳ್ಳಿನ ಅರ್ಧದಷ್ಟು ಬರೀ 5% ಜನರದ್ದು.