ಕಾಲ್ದೆಸೆಯಲ್ಲಿ ನಿಂತವರಿಗೆ ಹೇಳು

ತಂಗಿ, ನಿನ್ನ ಪತ್ರ ಓದಿದೆ. ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನಾನೂ ಸಲುಗೆಯಿಂದಲೇ ಬರೆಯುತ್ತೇನೆ. ತೀರ್ಥಹಳ್ಳಿ ಹುಡುಗಿ, ಬೆಂಗಳೂರಿನಲ್ಲಿ ನಾಲ್ಕು ವರ್ಷ ನರ್ಸ್ ಆಗಿ ವಾರ್ಡ್ ನೋಡಿದ್ದೀಯ, ಮುಂದಿನ ತಿಂಗಳು ಇಂಗ್ಲೆಂಡಿನಲ್ಲಿ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಡ್ಯೂಟಿಗೆ ಸೇರುತ್ತೀಯ. ತುಂಬಾ ಖುಷಿ ಆಯಿತು. ಆಸ್ಪತ್ರೆಯವರು ಕಳಿಸಿದ ಕಾಗದದಲ್ಲಿ ಗೋಲ್ಡ್, ಸಿಲ್ವರ್, ಬ್ರಾಂಜ್ ಅಂತೆಲ್ಲ ಬರೆದಿದೆ ಅಂದಿದ್ದೀಯ. "ಎಮರ್ಜೆನ್ಸಿ ಆದಾಗ ಅಲ್ಲಿ ಯಾರು ದೊಡ್ಡವರು? ನಾನು ಯಾರಿಗೆ ಹೇಳಬೇಕು?" ಅಂತ ಕೇಳಿದ್ದೀಯ. ಅದರ ಜೊತೆ ಬಾಡಿಗೆ, ಸಂಬಳ, ಚಳಿಬಟ್ಟೆ.

ಸಣ್ಣವನ್ನು ಮೊದಲು ಮುಗಿಸುತ್ತೇನೆ. ಮೊದಲ ಕೆಲವು ತಿಂಗಳು ಆಸ್ಪತ್ರೆಯ ಕ್ವಾರ್ಟರ್ಸ್ ಸಿಕ್ಕರೆ ಅಲ್ಲೇ ಇರು. ದಪ್ಪ ಕೋಟು ಅಲ್ಲಿಂದ ಹೊತ್ತು ತರಬೇಡ, ಇಲ್ಲಿನ ಗಾಳಿ ಮಳೆಗೆ ಇಲ್ಲಿನದೇ ಸರಿ. ನರ್ಸ್ ಆಗಿ ನೋಂದಣಿ ಆದ ಮೇಲೆ ಸಂಬಳ ಬ್ಯಾಂಡ್ 5 ಅನ್ನುವ ಶ್ರೇಣಿಯಿಂದ ಶುರು. ಮನೆಗೆ ಕಳಿಸುವ ಮೊದಲು ಎರಡು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೋ. ಅಪ್ಪ ಅಮ್ಮನಿಗೆ ಇದನ್ನು ಹೇಗೆ ಹೇಳಬೇಕು ಅಂತ ನಿನಗೇ ಗೊತ್ತು.

ಈಗ ನಿನ್ನ ದೊಡ್ಡ ಪ್ರಶ್ನೆ.

ನಾನು ಬಂದಿದ್ದು 2016ರ ಫೆಬ್ರವರಿಯಲ್ಲಿ. ಪುತ್ತೂರಿನಿಂದ ಹೊರಟವಳು, ಮಂಗಳೂರಿನಲ್ಲಿ ಓದಿ, ಬೆಂಗಳೂರಿನಲ್ಲಿ ಕೆಲಸ ಮಾಡಿ, ಇಲ್ಲಿಗೆ. ನಾರ್ತಾಂಪ್ಟನ್‌ಗೆ ಹೋಗಿ ಓಸ್ಕಿ ಅನ್ನುವ, ಕೆಲಸ ಮಾಡಿ ತೋರಿಸುವ ಪರೀಕ್ಷೆ ಕೊಟ್ಟು, ಪಿನ್ ಅಂದರೆ ನರ್ಸ್ ನೋಂದಣಿ ನಂಬರ್ ಬರುವ ತನಕ ಕಾದು, ಆಮೇಲೆ ನೀಲಿ ಯೂನಿಫಾರಂ ಹಾಕಿದ್ದು. ಪರೀಕ್ಷೆಗೆ ಓದಿದ್ದೆಲ್ಲ ಬಾಯಿಪಾಠ ಇತ್ತು. ನನ್ನನ್ನು ಕಾಡಿದ್ದು ಬೇರೆ. ಇಲ್ಲಿ ಕನ್ಸಲ್ಟೆಂಟ್ ಅನ್ನು, ಅಂದರೆ ಹಿರಿಯ ತಜ್ಞ ಡಾಕ್ಟರನ್ನು, ಎಷ್ಟೋ ಜನ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ನಾಲಿಗೆ ಏಳುತ್ತಿರಲಿಲ್ಲ. ನಮ್ಮಲ್ಲಿ ಸರ್ ರೌಂಡ್ಸ್‌ಗೆ ಬಂದರೆ ಇಡೀ ವಾರ್ಡ್ ಎದ್ದು ನಿಲ್ಲುತ್ತದೆ, ಅಲ್ವಾ? ಆ ಅಭ್ಯಾಸವನ್ನು ನಾನೂ ಪೆಟ್ಟಿಗೆಯಲ್ಲಿ ಕಟ್ಟಿಕೊಂಡೇ ಬಂದಿದ್ದೆ.

ಗೋಲ್ಡ್, ಸಿಲ್ವರ್, ಬ್ರಾಂಜ್ ಅಂದರೆ ಪದಕ ಅಲ್ಲ, ಪದವಿಯೂ ಅಲ್ಲ. ಇದು ಲಂಡನ್ ಪೊಲೀಸರಿಂದ ಬಂದ ಪದ್ಧತಿ. 1985ರಲ್ಲಿ ಟಾಟನ್‌ಹ್ಯಾಮ್‌ನ ಬ್ರಾಡ್‌ವಾಟರ್ ಫಾರ್ಮ್‌ನಲ್ಲಿ ಗಲಭೆ ಆಯಿತು. ಆಮೇಲೆ ಅವರು ಹುದ್ದೆ ಬಿಟ್ಟು ಕೆಲಸದ ಮೇಲೆ ಜವಾಬ್ದಾರಿ ಹಂಚುವ ಈ ಕ್ರಮ ಮಾಡಿಕೊಂಡರು. ಈಗ ಆಂಬುಲೆನ್ಸ್, ಅಗ್ನಿಶಾಮಕ, ಆಸ್ಪತ್ರೆ ಎಲ್ಲರದ್ದೂ ಇದೇ ಲೆಕ್ಕ. ಗೋಲ್ಡ್ ಅಂದರೆ ಆ ದಿನ ಆನ್‌ಕಾಲ್ ಇರುವ ಡೈರೆಕ್ಟರ್. ಒಟ್ಟು ಆಸ್ಪತ್ರೆ ಯಾವ ಕಡೆ ಹೋಗಬೇಕು, ಯಾವ ಆಪರೇಷನ್ ನಿಲ್ಲಿಸಬೇಕು, ಹೊರಗಿನವರಿಂದ ಏನು ಕೇಳಬೇಕು, ಅಷ್ಟೇ ಅವರ ಕೆಲಸ. ಸಿಲ್ವರ್ ಕಂಟ್ರೋಲ್ ರೂಮಿನಲ್ಲಿ ಕೂತು ಅದನ್ನು ನಡೆಸುವವರು. ಬೆಡ್ ಎಲ್ಲಿ, ಜನ ಎಲ್ಲಿ, ರಕ್ತ ಎಷ್ಟು ಅಂತ ನೋಡುವವರು. ಬ್ರಾಂಜ್ ಅಂದರೆ ಕ್ಯಾಶುವಾಲ್ಟಿ, ಥಿಯೇಟರ್, ಐಸಿಯು, ವಾರ್ಡ್ ಹೀಗೆ ಒಂದೊಂದು ಜಾಗ ನೋಡಿಕೊಳ್ಳುವವರು. ರಾತ್ರಿ ಹೊತ್ತು ಮೊದಲು ಫೋನ್ ಎತ್ತುವವರು ಸೈಟ್ ಮ್ಯಾನೇಜರ್. ಅವರ ಬ್ಲೀಪ್ (ಪೇಜರ್) ನಂಬರ್ ಮೊದಲ ದಿನವೇ ಬರೆದಿಟ್ಟುಕೋ.

ಇದೆಲ್ಲ ಸುಮ್ನೆ ಆಡಳಿತದವರ ಕಾಗದ ಅಂದುಕೊಳ್ಳಬೇಡ. 2004ರ ಸಿವಿಲ್ ಕಂಟಿಂಜೆನ್ಸೀಸ್ ಕಾನೂನಿನಲ್ಲಿ ದೊಡ್ಡ ಆಸ್ಪತ್ರೆಗಳನ್ನು ಪೊಲೀಸ್, ಆಂಬುಲೆನ್ಸ್ ಸಾಲಿನಲ್ಲೇ ಇಟ್ಟಿದ್ದಾರೆ. ಅನಾಹುತಕ್ಕೆ ಮೊದಲೇ ಪ್ಲಾನ್ ಬರೆದು, ಅಭ್ಯಾಸ ಮಾಡಿ ಇಟ್ಟುಕೊಂಡಿರಬೇಕು. ಹಾಗಾಗಿ ನಿನ್ನ ವಾರ್ಡಿನಲ್ಲಿ ಎಲ್ಲೋ ಒಂದು ಫೈಲ್ ಇರುತ್ತದೆ. ಅದರಲ್ಲಿ ಆ್ಯಕ್ಷನ್ ಕಾರ್ಡ್‌ಗಳು ಇರುತ್ತವೆ. ಒಂದು ಕೆಲಸಕ್ಕೆ ಒಂದು ಕಾರ್ಡ್. ಅದರ ಮೇಲೆ ಯಾರ ಹೆಸರೂ ಇರುವುದಿಲ್ಲ, ಕೆಲಸದ ಹೆಸರು ಮಾತ್ರ. ಯಾರ ಕೈಗೆ ಕಾರ್ಡ್ ಬಂತೋ ಅವರು ಆ ಕೆಲಸ. ಮೈಮೇಲೆ ಬರಹ ಇರುವ ಬಣ್ಣದ ಜಾಕೆಟ್ ಹಾಕುತ್ತಾರೆ. ಮುಖ ನೋಡಬೇಕಿಲ್ಲ, ಬೆನ್ನು ಓದಿದರೆ ಸಾಕು.

ನಾನು ಇದನ್ನು ಕಣ್ಣಾರೆ ಕಂಡಿದ್ದು 2017ರ ಮೇ 12ರಂದು. ನರ್ಸ್‌ಗಳ ದಿನ, ಶುಕ್ರವಾರ. ಸ್ಟಾಫ್ ರೂಮಿನಲ್ಲಿ ಕೇಕ್ ಇತ್ತು. ಮಧ್ಯಾಹ್ನ ಕಂಪ್ಯೂಟರ್‌ಗಳನ್ನೆಲ್ಲ ಆರಿಸಿ ಅಂದರು. ವಾನಾಕ್ರೈ ಅನ್ನುವ ವೈರಸ್. ಎನ್‌ಎಚ್‌ಎಸ್ ಸೇವೆ ನಡೆಸುವ ಸಂಸ್ಥೆಗಳಿಗೆ ಟ್ರಸ್ಟ್ ಅನ್ನುತ್ತಾರೆ, ಇಂಗ್ಲೆಂಡಿನ ಅಂಥ 236 ಟ್ರಸ್ಟ್‌ಗಳಲ್ಲಿ ಕನಿಷ್ಠ 80ಕ್ಕೆ ಅದರ ಪೆಟ್ಟು ಬಿತ್ತು. ರಕ್ತದ ರಿಪೋರ್ಟ್ ನೋಡಲು ಆಗುತ್ತಿಲ್ಲ, ಎಕ್ಸ್‌ರೇ ಬರುತ್ತಿಲ್ಲ. ಅರ್ಧ ಗಂಟೆಯೊಳಗೆ ನಮ್ಮ ಮೇಟ್ರನ್ ಜಾಕೆಟ್ ಹಾಕಿಕೊಂಡು ಬಂದು ಕಾರ್ಡ್ ಹಂಚಿದರು. ನನ್ನ ಕಾರ್ಡಿನಲ್ಲಿ ಇದ್ದದ್ದು ರನ್ನರ್ ಅಂತ. ಲ್ಯಾಬಿನಿಂದ ವಾರ್ಡಿಗೆ ಕಾಗದ ಹೊತ್ತು ಓಡುವುದು. ಆ ಸಂಜೆ ಎಷ್ಟು ಮೆಟ್ಟಿಲು ಹತ್ತಿದೆನೋ! ಆದರೆ ಒಂದು ವಿಷಯ ಗಮನಿಸಿದೆ. ಕಂಟ್ರೋಲ್ ರೂಮಿನಲ್ಲಿ ಒಬ್ಬರು ಏನೂ ಮಾತಾಡದೆ ಬರೆಯುತ್ತಾ ಕೂತಿದ್ದರು. ಲಾಗಿಸ್ಟ್ ಅನ್ನುತ್ತಾರೆ. ಯಾರು, ಎಷ್ಟು ಹೊತ್ತಿಗೆ, ಏನು ತೀರ್ಮಾನ ಮಾಡಿದರು, ಯಾಕೆ ಮಾಡಿದರು, ಎಲ್ಲ ಅದರಲ್ಲಿ. ಡೈರೆಕ್ಟರ್ ಕೂಡ ಅವರ ಪೆನ್ನು ನಿಲ್ಲುವ ತನಕ ಕಾಯುತ್ತಿದ್ದರು.

ಅದಾಗಿ ಹತ್ತು ದಿನಕ್ಕೆ, ಮೇ 22ರ ರಾತ್ರಿ, ಮ್ಯಾಂಚೆಸ್ಟರ್ ಅರೀನಾದಲ್ಲಿ ಬಾಂಬ್ ಸಿಡಿಯಿತು. 22 ಜನ ಹೋದರು. ಹಾಡು ಕೇಳಲು ಬಂದಿದ್ದ ಮಕ್ಕಳೂ ಅವರಲ್ಲಿ ಇದ್ದರು. ಬೆಳಿಗ್ಗೆ ಟಿವಿ ಮುಂದೆ ಕೂತಾಗ ನನಗೆ ತಾರೀಖು ನೋಡಿ ಹೊಟ್ಟೆ ತೊಳಸಿತು. 2010ರ ಮೇ 22ರ ಬೆಳಿಗ್ಗೆ ಬಜ್ಪೆಯಲ್ಲಿ ವಿಮಾನ ಬಿದ್ದಾಗ ನಾನು ಮಂಗಳೂರಿನಲ್ಲಿ ಕೊನೆ ವರ್ಷದ ವಿದ್ಯಾರ್ಥಿನಿ. ಹಾಸ್ಟೆಲ್‌ನಿಂದ ಎಬ್ಬಿಸಿ ಕರೆದುಕೊಂಡು ಹೋದರು. ಸ್ಟ್ರೆಚರ್ ಹಿಡಿದು ಬಾಗಿಲಲ್ಲಿ ನಿಂತೆವು. ಡ್ರಿಪ್ ಸೆಟ್ ತೆಗೆದಿಟ್ಟುಕೊಂಡು ಕಾದೆವು. ವಿಮಾನದಲ್ಲಿದ್ದ 166 ಜನರಲ್ಲಿ ಉಳಿದಿದ್ದು 8 ಮಂದಿ. ನಮ್ಮ ಬಾಗಿಲಿಗೆ ಯಾರೂ ಬರಲಿಲ್ಲ. ಅವತ್ತು ಕೈ ಖಾಲಿ ನಿಂತದ್ದು ಇನ್ನೂ ಮೈಯಲ್ಲಿ ಕೂತಿದೆ.

ಇಂಥ ದೊಡ್ಡ ಅನಾಹುತ ನಿನ್ನ ಇಡೀ ಸರ್ವಿಸ್‌ನಲ್ಲಿ ಒಂದೋ ಎರಡೋ ಬರಬಹುದು, ಬರದೆಯೂ ಇರಬಹುದು. ನಿನಗೆ ವಾರ ವಾರ ಎದುರಾಗುವುದು ಕ್ರ್ಯಾಶ್ ಕಾಲ್, ಪೇಷೆಂಟ್ ಹೃದಯ ನಿಂತಾಗ ಟೀಮ್ ಕರೆಯುವುದು. ಬೆಂಗಳೂರಿನಲ್ಲಿ ನಾವು ಕೋಡ್ ಬ್ಲೂ ಅನ್ನುತ್ತಿದ್ದೆವಲ್ಲ, ಅದೇ. ಮೊದಲು ಇಲ್ಲಿ ಆಸ್ಪತ್ರೆಗೊಂದು ನಂಬರ್ ಇತ್ತಂತೆ. 2004ರಲ್ಲಿ ಎಲ್ಲ ಕಡೆ 2222 ಇರಲಿ ಅಂದರು. ಗೋಡೆಯ ಬಜರ್ ಎಳೆ, 2222 ಒತ್ತು, "ಅಡಲ್ಟ್ ಕಾರ್ಡಿಯಾಕ್ ಅರೆಸ್ಟ್" ಅಂದು ವಾರ್ಡ್ ಹೆಸರು ಹೇಳು. ಅದಕ್ಕೆ ನೀನು ಯಾರ ಅಪ್ಪಣೆಯನ್ನೂ ಕಾಯಬೇಕಿಲ್ಲ. ನಾಡಿ, ಬಿಪಿ, ಉಸಿರು ಎಲ್ಲ ನೋಡಿ ಹಾಕುವ ನ್ಯೂಸ್ ಸ್ಕೋರ್ 7 ಮುಟ್ಟಿದರೂ ಹಾಗೆಯೇ, ತುರ್ತಾಗಿ ಕರೆಯಬೇಕು. ನೀನು ಬಂದು ಎರಡೇ ದಿನ ಆಗಿದ್ದರೂ ಸರಿ.

ಟೀಮ್ ಬರುತ್ತದೆ. ಮೆಡಿಕಲ್ ರಿಜಿಸ್ಟ್ರಾರ್ (ಕನ್ಸಲ್ಟೆಂಟ್‌ಗಿಂತ ಕೆಳಗಿನ ಹಂತದ ಡಾಕ್ಟರ್), ಅನಸ್ತೇಶಿಯಾದವರು, ಇನ್ನೂ ಕಿರಿಯ ಡಾಕ್ಟರ್‌ಗಳು, ವಾರ್ಡ್‌ಗಳಲ್ಲಿ ತೀರಾ ಹದಗೆಟ್ಟವರನ್ನು ನೋಡಲು ಬರುವ ಔಟ್‌ರೀಚ್ ನರ್ಸ್. ಲೀಡರ್ ಸಾಮಾನ್ಯವಾಗಿ ರಿಜಿಸ್ಟ್ರಾರ್. ಅವರು ಮಂಚದ ಕಾಲ್ದೆಸೆಯಲ್ಲಿ ಕೈಕಟ್ಟಿ ನಿಲ್ಲುತ್ತಾರೆ. ಪೇಷೆಂಟ್ ಮುಟ್ಟುವುದಿಲ್ಲ. ಮೊದಲ ಸಲ ನೋಡಿದಾಗ ನನಗೆ ವಿಚಿತ್ರ ಅನಿಸಿತು. ದೊಡ್ಡ ಡಾಕ್ಟರ್ ಅಂದರೆ ಮುಂದೆ ನುಗ್ಗಿ ತಾವೇ ಟ್ಯೂಬ್ ಹಾಕಬೇಕು ಅಂತ ನಾನು ಅಂದುಕೊಂಡಿದ್ದೆ.

ಆಮೇಲೆ ಅರ್ಥ ಆಯಿತು. ನೀನು ಯಕ್ಷಗಾನದ ಆಟ ನೋಡಿರುತ್ತೀಯ. ಭಾಗವತರು ವೇಷ ಕಟ್ಟುವುದಿಲ್ಲ, ಕುಣಿಯುವುದಿಲ್ಲ. ಕೂತಲ್ಲೇ ಕೂತಿರುತ್ತಾರೆ. ಆದರೆ ಎಂಥ ಹೆಸರಾಂತ ವೇಷಧಾರಿಯಾದರೂ ಅವರ ತಾಳಕ್ಕೆ ಹೆಜ್ಜೆ ಹಾಕಬೇಕು. ಭಾಗವತರೇ ಎದ್ದು ಕುಣಿದರೆ ಮೇಳ ಹಿಡಿಯುವವರು ಯಾರು? ಲೀಡರ್ ಕೂಡ ಹಾಗೆ. ಅವರ ಕೈ ಕೆಲಸಕ್ಕೆ ಇಳಿದರೆ ಕಣ್ಣು ಅಷ್ಟಕ್ಕೇ ಸೀಮಿತ ಆಗುತ್ತದೆ. ಇಳಿಯಲೇಬೇಕಾದರೆ ಮೊದಲು "ಈಗ ನೀನು ಲೀಡರ್" ಅಂತ ಇನ್ನೊಬ್ಬರಿಗೆ ಬಾಯಿಬಿಟ್ಟು ಹೇಳುತ್ತಾರೆ.

ಅವರು ಹೆಸರು ಹಿಡಿದು ಕೆಲಸ ಹೇಳುತ್ತಾರೆ. ಕೇಳಿಸಿಕೊಂಡವರು ಅದನ್ನೇ ತಿರುಗಿ ಹೇಳಬೇಕು. "ಅಡ್ರಿನಲಿನ್ 1 ಮಿಲಿಗ್ರಾಂ." "ಅಡ್ರಿನಲಿನ್ 1 ಮಿಲಿಗ್ರಾಂ, ಕೊಡುತ್ತಿದ್ದೇನೆ." "ಕೊಟ್ಟೆ." ಬರೆಯುವವರು ಹೊತ್ತು ಬರೆಯುತ್ತಾರೆ. ಎರಡು ನಿಮಿಷಕ್ಕೊಮ್ಮೆ ಎದೆ ಒತ್ತುವವರು ಬದಲಾಗಬೇಕು. ಇದನ್ನೆಲ್ಲ ಟ್ರೈನಿಂಗ್‌ನಲ್ಲಿ ಕಲಿಸುತ್ತಾರೆ. ಅಲ್ಲಿ ಕಲಿಸದ ಒಂದನ್ನು ನಾನು ಹೇಳುತ್ತೇನೆ.

2016ರ ನವೆಂಬರ್. ನನಗೆ ಪಿನ್ ಬಂದು ಕೆಲವೇ ತಿಂಗಳು. ವಾರ್ಡಿನಲ್ಲಿ ನಾನು ನೋಡಿಕೊಳ್ಳುತ್ತಿದ್ದ ಭಾಗದಲ್ಲಿ ಒಬ್ಬರು ಅಜ್ಜ ಇದ್ದರು. ಡಯಾಲಿಸಿಸ್ ಪೇಷೆಂಟ್, ಒಂದು ಸರದಿ ತಪ್ಪಿತ್ತು. ನಮ್ಮೂರ ಮಳೆ ಬಗ್ಗೆ ಕೇಳುತ್ತಿದ್ದರು. ನಾಲ್ಕು ತಿಂಗಳು ಬಿಡದೆ ಸುರಿಯುತ್ತದೆ ಅಂದರೆ ನಂಬುತ್ತಿರಲಿಲ್ಲ. ಮಧ್ಯಾಹ್ನ ಟೀ ಕೊಡುವ ಹೊತ್ತಿಗೆ ಅವರ ಹೃದಯ ನಿಂತಿತು. 2222 ಮಾಡಿದೆ, ಎದೆ ಒತ್ತಿದೆ, ಟೀಮ್ ಬಂತು. ರಿಜಿಸ್ಟ್ರಾರ್ ಹೆಚ್ಚೂಕಡಿಮೆ ನನ್ನ ವಯಸ್ಸಿನ ಹುಡುಗಿ. ಸಣ್ಣ ಆಳು, ಮೆಲು ದನಿ. "ಲೀಡರ್ ನಾನು" ಅಂತ ಹೇಳಿಯೇ ನಿಂತಳು.

ಆಗ ವಾರ್ಡಿನ ಫೋನ್ ಹೊಡೆಯಿತು. ನಾನು ಎತ್ತಿದೆ. ಲ್ಯಾಬಿನವರು. ಬೆಳಿಗ್ಗೆ ಕಳಿಸಿದ್ದ ರಕ್ತದಲ್ಲಿ ಪೊಟ್ಯಾಸಿಯಂ 7.6. ನಿನಗೆ ಗೊತ್ತು, 6.5 ದಾಟಿದರೇ ಹೃದಯಕ್ಕೆ ಅಪಾಯ. ಕೈ ಒರೆಸುವ ಕಾಗದದ ಮೇಲೆ ಬರೆದುಕೊಂಡು ಓಡಿ ಬಂದೆ. ಪರದೆ ಹತ್ತಿರ ಪಕ್ಕದ ವಾರ್ಡಿನ ಕನ್ಸಲ್ಟೆಂಟ್ ನಿಂತಿದ್ದರು. ತಲೆ ನರೆತವರು, ಗಂಭೀರ ಮುಖ. ಏನಾದರೂ ಸಹಾಯ ಬೇಕಾ ಅಂತ ನೋಡಲು ಬಂದವರು ಅಷ್ಟೇ. ಅವರು ಟೀಮಿನಲ್ಲಿ ಇರಲಿಲ್ಲ. ನನ್ನ ಕಾಲು ತಾನಾಗಿ ಅವರ ಕಡೆ ಹೋಯಿತು. ದೊಡ್ಡವರು ಇರುವಾಗ ಚಿಕ್ಕವಳಿಗೆ ಹೇಳುವುದು ಹೇಗೆ ಅಂತ ನನ್ನ ಮೈಗೇ ಅನಿಸಿರಬೇಕು. "ಸರ್, ಪೊಟ್ಯಾಸಿಯಂ 7.6" ಅಂದೆ. ಮೆಲ್ಲಗೆ, ಗೌರವದಿಂದ. ಅವರು ತಲೆಯಾಡಿಸಿದರು. ಲೀಡರ್‌ಗೆ ಹೇಳಿಯೇ ನನ್ನ ಹತ್ತಿರ ಬಂದಿದ್ದಾಳೆ ಅಂತ ಅವರು ಅಂದುಕೊಂಡರು. ಅವರು ಹೇಳುತ್ತಾರೆ ಅಂತ ನಾನು ಅಂದುಕೊಂಡೆ. ಅಷ್ಟರಲ್ಲಿ ಮನೆಯವರಿಗೆ ಫೋನ್ ಮಾಡು ಅಂತ ನನ್ನನ್ನು ಕಳಿಸಿದರು.

ಬ್ಲಡ್ ಗ್ಯಾಸ್ ರಿಪೋರ್ಟ್ ಬಂದ ಮೇಲೆಯೇ ಆ ಹುಡುಗಿಗೆ ವಿಷಯ ಗೊತ್ತಾಗಿದ್ದು. ಕೂಡಲೇ ಹೃದಯ ಕಾಯಲು ಕ್ಯಾಲ್ಸಿಯಂ ಹಾಕಿಸಿದಳು. ನಡುವೆ ಐದು ನಿಮಿಷ ಹೋಗಿತ್ತು. ಅಜ್ಜ ಉಳಿಯಲಿಲ್ಲ.

ಮುಗಿದ ಮೇಲೆ ಎಲ್ಲರೂ ಕೂತು ಮಾತಾಡಿದರು. ಇಲ್ಲಿ ಹಾಗೆ ಮಾಡುತ್ತಾರೆ, ಎದ್ದು ಹೋಗಬೇಡ, ಕೂರು. ನಾನು ಆ ಕಾಗದ ತೆಗೆದು ತೋರಿಸಿದೆ. ಯಾರೂ ಬೈಯಲಿಲ್ಲ. ಅವರ ಹೃದಯ ಮೊದಲೇ ಸೋತಿತ್ತು, ಐದು ನಿಮಿಷದಿಂದ ಫಲ ಬದಲಾಗುತ್ತಿರಲಿಲ್ಲ ಅಂತ ಸಮಾಧಾನ ಹೇಳಿದರು. ಇರಬಹುದು. ಆ ರಿಜಿಸ್ಟ್ರಾರ್ ಮಾತ್ರ ನನ್ನ ಪಕ್ಕ ಬಂದು ಹೇಳಿದಳು, "ನಿನಗೆ ಗೊತ್ತಿದ್ದದ್ದು ನನಗೆ ಬೇಕಿತ್ತು." ಸಿಟ್ಟಿಲ್ಲದೆ ಹೇಳಿದಳು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ. ಆ ರಾತ್ರಿ ಅಮ್ಮನ ಫೋನ್ ಬಂದಾಗ ಊಟ ಆಯಿತಾ ಅಂತ ಕೇಳಿದರು. ಆಯಿತು ಅಂದೆ. ಆಗಿರಲಿಲ್ಲ.

ತಂಗಿ, ಊರಲ್ಲಿ ಕಲಿತ ಗೌರವ ಬಿಡು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಅದೇ ಗೌರವದಿಂದ ನೀನು ಅಜ್ಜ ಅಜ್ಜಿಯರ ಹತ್ತಿರ ಕೂತು ಎರಡು ತುತ್ತು ಜಾಸ್ತಿ ತಿನ್ನಿಸುತ್ತೀಯ. ಇಲ್ಲಿನವರು ಅದನ್ನು ನೋಡಿ ನಮ್ಮ ಹುಡುಗಿಯರನ್ನು ಇಷ್ಟಪಡುತ್ತಾರೆ, ನನಗೆ ಅದರ ಹೆಮ್ಮೆ ಇದೆ. ಆದರೆ ಮಂಚದ ಸುತ್ತ ಜನ ಸೇರಿದಾಗ ಅಲ್ಲಿ ಹಿರಿಯರು ಯಾರು ಅಂತ ಹುಡುಕಬೇಡ. ಕಾಲ್ದೆಸೆಯಲ್ಲಿ ಯಾರು ನಿಂತಿದ್ದಾರೆ ನೋಡು. ಗೊತ್ತಾಗದಿದ್ದರೆ "ಲೀಡರ್ ಯಾರು?" ಅಂತ ಜೋರಾಗಿ ಕೇಳು. ಅವರ ಮುಖ ನೋಡಿ, ಅವರು ತಿರುಗಿ ಅದನ್ನೇ ಹೇಳುವ ತನಕ ಹೇಳು. ಇಂಗ್ಲಿಷ್ ತಡವರಿಸಿದರೂ ಪರವಾಗಿಲ್ಲ. ಒಂದು ಸಂಖ್ಯೆ ಹೇಳಲು ಎಷ್ಟು ಇಂಗ್ಲಿಷ್ ಬೇಕು?

ಈಗ ನಾನು ವಾರ್ಡ್ ಸಿಸ್ಟರ್, ವಾರ್ಡಿನ ಉಸ್ತುವಾರಿ ನನ್ನದು. ಬೆಳಿಗ್ಗೆ ಹ್ಯಾಂಡೋವರ್ ಆದ ಕೂಡಲೇ ಇವತ್ತು ಕಾರ್ಡಿಯಾಕ್ ಅರೆಸ್ಟ್ ಆದರೆ ಟ್ರಾಲಿ ತರುವವರು ಯಾರು, ಬರೆಯುವವರು ಯಾರು ಅಂತ ಹೆಸರು ಹಚ್ಚಿಬಿಡುತ್ತೇನೆ. ಹೊಸಬರಿಗೇ ಬರೆಯುವ ಕೆಲಸ ಕೊಡುತ್ತೇನೆ, ಅವರ ದನಿ ಕೇಳಲಿ ಅಂತ. ಹೋದ ತಿಂಗಳು ಅಂಥದ್ದೇ ಒಂದು ಮಧ್ಯಾಹ್ನ. ಕೇರಳದಿಂದ ಬಂದು ಆರು ವಾರ ಆಗಿದ್ದ ಹುಡುಗಿ, ಕೈಯಲ್ಲಿ ಬೋರ್ಡು ಪೆನ್ನು. ನಾನು ಮುಂದೆಯೇ ನಿಂತಿದ್ದೆ. ಅವಳು ನನ್ನ ಕಡೆ ನೋಡಲೂ ಇಲ್ಲ. ನನ್ನ ಭುಜ ಸರಿಸಿ ಮುಂದೆ ಹೋಗಿ ಲೀಡರ್ ಮುಖ ನೋಡಿ ಹೇಳಿದಳು, "ಎರಡು ನಿಮಿಷ ಆಯಿತು. ಅವರಿಗೆ ಪೆನಿಸಿಲಿನ್ ಅಲರ್ಜಿ ಇದೆ." ಲೀಡರ್ ಅದನ್ನೇ ತಿರುಗಿ ಹೇಳಿದ. ಅವಳು ಹೊತ್ತು ನೋಡಿ ಬರೆದುಕೊಂಡಳು.